ಪಗ್ಗು ತಿಂಗಳ ಸೆಕೆ ಮತ್ತು ಪ್ರೊಸೆಸರಿನ ಟರ್ಬೋ

(ಕಾಸರಗೋಡಿನ ಬದಿಯಡ್ಕದಲ್ಲಿ ಶಾಲೆಗಳ ಐಟಿ ಅಧ್ಯಾಪಕರು, ಸರಕಾರಿ ಸೇವೆಗಳ ಅಕ್ಷಯ ಕೇಂದ್ರ ನಡೆಸುವವರು, ವೀಡಿಯೊ ಎಡಿಟಿಂಗ್ ಮಾಡುವವರು ಸೇರಿದ್ದ ಸಭೆಯ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಅಡಿಯ ಕುರ್ಚಿಗೆ ಈಗಷ್ಟೇ ನಡೆದ ಪೈಪೋಟಿ ನೋಡಿದರೆ ಇಂದಿನ ವಿಷಯಕ್ಕೆ ಪೀಠಿಕೆ ಬೇಡ ಅನಿಸುತ್ತದೆ.

ನಮ್ಮ ಕಡೆ ರಿಪೇರಿ ಅಂಗಡಿಗಳಿಗೆ ಬರುವ ಒಂದು ದೂರು ಕ್ಯಾಲೆಂಡರ್ ನೋಡಿಕೊಂಡೇ ಬರುತ್ತದೆ. ‘ಡಿಸೆಂಬರಿನಲ್ಲಿ ಸರಿ ಇತ್ತು, ಬಿಸು ಕಳೆದ ಮೇಲೆ ಕಂಪ್ಯೂಟರ್ ನಿಧಾನ.’ ಬಿಸು ಅಂದರೆ ಏಪ್ರಿಲ್ ನಡುವೆ ಬರುವ ತುಳು ಹೊಸ ವರ್ಷ, ಪಗ್ಗು ತಿಂಗಳ ಆರಂಭ. ಕೇಳಿದವರು ವೈರಸ್ ಅನ್ನುತ್ತಾರೆ, ವಿಂಡೋಸ್ ಹೊಸದಾಗಿ ಹಾಕುತ್ತಾರೆ, ರ‍್ಯಾಮ್ ಸೇರಿಸುತ್ತಾರೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದಾಗ ಅದು ತಾನಾಗಿ ಸರಿಯಾಗುತ್ತದೆ, ಹೆಸರು ಮಾತ್ರ ಹೊಸ ರ‍್ಯಾಮಿಗೆ ಹೋಗುತ್ತದೆ. ಆ ದೂರಿನ ಹಿಂದೆ ನಿಜವಾಗಿ ಏನು ನಡೆಯುತ್ತದೆ, ಅದರಲ್ಲಿ ಸೆಕೆಯ ಪಾಲು ಎಷ್ಟು, ಸೆಕೆಯದ್ದಲ್ಲದ ಪಾಲು ಎಷ್ಟು ಎಂದು ಬಿಡಿಸಿ ನೋಡುವುದು ಇಂದಿನ ಕೆಲಸ.

ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಅದರ ಪೆಟ್ಟಿಗೆಯ ಮೇಲೆ ಬರೆದಿರುವ ವೇಗದಿಂದ ಹೊರಡೋಣ. ಇಂಟೆಲ್ ಕೋರ್ ಐ5-10400 ತೆಗೆದುಕೊಳ್ಳಿ. ಆರು ಕೋರ್ (ಒಟ್ಟಿಗೆ ದುಡಿಯಬಲ್ಲ ಆರು ಘಟಕ), 65 ವ್ಯಾಟ್, ಬೇಸ್ ವೇಗ 2.9 ಗಿಗಾಹರ್ಟ್ಸ್, ಟರ್ಬೋ 4.3. ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು 4.3ರ ಮೇಲೆ. ಅದು ಒಂದೇ ಕೋರ್ ದುಡಿಯುವಾಗಿನ ಮೇಲ್ಮಿತಿ. ಆರೂ ಕೋರ್ ಒಟ್ಟಿಗೆ ದುಡಿದರೆ ಮೇಲ್ಮಿತಿಯೇ 4.0. ಕಂಪನಿ ಮಾತು ಕೊಡುವುದು 2.9ಕ್ಕೆ ಮಾತ್ರ: 65 ವ್ಯಾಟ್ ಶಾಖವನ್ನು ಹೊರಹಾಕುವ ಕೂಲರ್ ಇದ್ದರೆ ಇಷ್ಟು ವೇಗ ಸದಾ ಸಿಗುತ್ತದೆ ಎಂದು. 2.9ಕ್ಕೂ 4.3ಕ್ಕೂ ನಡುವಿನದ್ದೆಲ್ಲ ‘ಆದರೆ ಕೊಡುತ್ತೇನೆ’ ಎಂಬ ಲೆಕ್ಕ.

ಇಂಟೆಲ್ ಈ ಏರ್ಪಾಡನ್ನು ಟರ್ಬೋ ಬೂಸ್ಟ್ ಎಂಬ ಹೆಸರಿನಲ್ಲಿ ಡೆಸ್ಕ್‌ಟಾಪಿಗೆ ತಂದದ್ದು 2008ರಲ್ಲಿ, ಮೊದಲ ಕೋರ್ ಐ7 ಜೊತೆ. ಇಂಟೆಲಿನ ಎದುರಾಳಿ ಎಎಂಡಿಯ ಟರ್ಬೋ ಕೋರ್ 2010ರಲ್ಲಿ ಬಂತು, 2017ರ ರೈಜನ್ ಪ್ರೊಸೆಸರುಗಳಿಂದ ಅದು ಪ್ರಿಸಿಷನ್ ಬೂಸ್ಟ್ ಆಯಿತು. ಇಂಟೆಲಿನಲ್ಲಿ ವೇಗ 100 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ, ರೈಜನ್‌ನಲ್ಲಿ 25ರ ಮೆಟ್ಟಿಲುಗಳಲ್ಲಿ. ಹೆಸರು ಯಾವುದಾದರೂ ಒಳಗಿನ ಕೆಲಸ ಒಂದೇ. ಚಿಪ್ಪಿನೊಳಗೆ ಒಂದು ಪುಟ್ಟ ಲೆಕ್ಕಿಗ ಕೂತಿದೆ. ಎಷ್ಟು ಕೋರ್ ದುಡಿಯುತ್ತಿವೆ, ಎಷ್ಟು ವ್ಯಾಟ್ ಹೋಗುತ್ತಿದೆ, ಎಷ್ಟು ಆಂಪಿಯರ್ ಹರಿಯುತ್ತಿದೆ, ಅತಿ ಬಿಸಿಯಾದ ಜಾಗದಲ್ಲಿ ಎಷ್ಟು ಡಿಗ್ರಿ ಇದೆ ಎಂದು ಅದು ಒಂದು ಸೆಕೆಂಡಿನಲ್ಲಿ ನೂರಾರು ಸಲ ನೋಡುತ್ತದೆ. ಇವುಗಳಲ್ಲಿ ಯಾವುದು ಮೊದಲು ಗಡಿ ಮುಟ್ಟುತ್ತದೋ ಅದೇ ಆ ಕ್ಷಣದ ವೇಗವನ್ನು ತೀರ್ಮಾನಿಸುತ್ತದೆ. ಉಳಿದವುಗಳಲ್ಲಿ ಎಷ್ಟು ಜಾಗ ಮಿಕ್ಕಿದ್ದರೂ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ತಡೆದದ್ದು ಯಾವ ಗಡಿ ಎಂದು ಗೊತ್ತಾಗದೆ ಚಿಪ್ಪಿಗೂ ಕೂಲರಿಗೂ ನಡುವಿನ ಶಾಖ ದಾಟಿಸುವ ಪೇಸ್ಟ್ ಬದಲಿಸಬೇಡಿ, ಫ್ಯಾನ್ ಕೊಳ್ಳಬೇಡಿ, ಏಸಿ ಹಾಕಿಸಬೇಡಿ. ಇಂದು ಒಂದೇ ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಇದು.

ವ್ಯಾಟಿನ ಗಡಿಯನ್ನು ಮೊದಲು ನೋಡೋಣ, ಏಕೆಂದರೆ ಸೆಕೆಯ ತಲೆಗೆ ಕಟ್ಟುವ ಅರ್ಧ ದೂರು ಇದರದ್ದು. ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗದ ನೀರು ಗೊತ್ತು. ಗುಡ್ಡದೊಳಗಿಂದ ಬೆರಳು ಗಾತ್ರದ ಧಾರೆ ಹಗಲು ರಾತ್ರಿ ಕೆರೆಗೆ ಬೀಳುತ್ತಿರುತ್ತದೆ. ಕೆರೆ ತುಂಬಿದ್ದಾಗ ಪಂಪು ಹಾಕಿ ಸ್ಪ್ರಿಂಕ್ಲರ್ ಬಿಟ್ಟರೆ ಒಂದಷ್ಟು ಹೊತ್ತು ಜೋರಾಗಿ ನೀರು ಹೋಗುತ್ತದೆ. ಕೆರೆ ಬರಿದಾದ ಮೇಲೆ ತೋಟಕ್ಕೆ ಸಿಗುವುದು ಆ ಬೆರಳು ಗಾತ್ರದ ಧಾರೆಯಷ್ಟೇ. ಇಂಟೆಲಿನ ಪ್ರೊಸೆಸರಿನಲ್ಲಿ ಧಾರೆಗೆ ಪಿಎಲ್1 ಎಂದು ಹೆಸರು, ಪಂಪಿನ ಗರಿಷ್ಠ ಎಳೆತಕ್ಕೆ ಪಿಎಲ್2, ಕೆರೆಯ ಗಾತ್ರವನ್ನು ತೀರ್ಮಾನಿಸುವ ಕಾಲಕ್ಕೆ ಟೌ. ನಮ್ಮ 10400ರಲ್ಲಿ ಪಿಎಲ್1 65 ವ್ಯಾಟ್, ಪಿಎಲ್2 134 ವ್ಯಾಟ್, ಟೌ 28 ಸೆಕೆಂಡು.

ಇಲ್ಲಿ ತಿಳಿದವರೂ ಎಡವುತ್ತಾರೆ. 28 ಸೆಕೆಂಡು ಅಂದರೆ 28 ಸೆಕೆಂಡು ಪೂರ್ತಿ 134 ವ್ಯಾಟ್ ಸಿಗುತ್ತದೆ ಎಂದಲ್ಲ. ಚಿಪ್ ಲೆಕ್ಕ ಇಡುವುದು ಚಲಿಸುವ ಸರಾಸರಿಯನ್ನು, ಅದರಲ್ಲೂ ಇತ್ತೀಚಿನ ಕ್ಷಣಗಳಿಗೆ ಹೆಚ್ಚು ತೂಕ. ಏನೂ ಕೆಲಸವಿಲ್ಲದೆ ಕೂತಿದ್ದ ಯಂತ್ರ ಒಮ್ಮೆಲೇ 134 ವ್ಯಾಟ್ ಎಳೆಯತೊಡಗಿದರೆ ಸರಾಸರಿ 65 ಮುಟ್ಟಲು ಸುಮಾರು 19 ಸೆಕೆಂಡು ಸಾಕು. 100 ವ್ಯಾಟ್ ಎಳೆದರೆ ಹತ್ತಿರ ಹತ್ತಿರ 29 ಸೆಕೆಂಡು. ಈಗಷ್ಟೇ ಇನ್ನೊಂದು ಭಾರೀ ಕೆಲಸ ಮುಗಿಸಿದ್ದರೆ ಕೆರೆ ಅರ್ಧ ಬರಿದಾಗಿರುತ್ತದೆ, ಆಗ ಇನ್ನೂ ಬೇಗ. ಆಮೇಲೆ ವೇಗ ದಢಕ್ಕನೆ ಕುಸಿಯುತ್ತದೆ. ಇದು ಕೋಣೆ 20 ಡಿಗ್ರಿ ಇದ್ದರೂ ಆಗುವುದೇ. ಇದಕ್ಕೆ ಪೇಸ್ಟ್ ಬದಲಿಸಿದರೆ ಪೇಸ್ಟಿನ ದುಡ್ಡು ದಂಡ.

ಇನ್ನೊಂದು ಗೊಂದಲವನ್ನು ಮದರ್‌ಬೋರ್ಡ್ ತಯಾರಕರು ಮಾಡಿಟ್ಟಿದ್ದಾರೆ. ಹಲವು ಬೋರ್ಡುಗಳು ಹೊರಬರುವಾಗಲೇ ಬಯೋಸಿನಲ್ಲಿ, ಅಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶದಲ್ಲಿ, ಪಿಎಲ್1, ಪಿಎಲ್2 ಎರಡನ್ನೂ 4095 ವ್ಯಾಟ್ ಎಂದು ಬರೆದಿರುತ್ತಾರೆ. ಅಂದರೆ ಗಡಿಯೇ ಇಲ್ಲ. ಒಂದೇ ಚಿಪ್, ಒಂದೇ ಕೂಲರ್; ಒಂದು ಅಂಗಡಿಯಲ್ಲಿ ಜೋಡಿಸಿದ್ದು ಅರ್ಧ ನಿಮಿಷಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ ಜೋಡಿಸಿದ್ದು ಇಳಿಯದೆ ಬಿಸಿಯಾಗುತ್ತಾ ಹೋಗಿ 100 ಡಿಗ್ರಿಯಲ್ಲಿ ತಲೆ ಬಡಿಯುತ್ತದೆ. ಮೊದಲನೆಯದ್ದು ವ್ಯಾಟಿನ ಗಡಿ, ಎರಡನೆಯದ್ದು ಬಿಸಿಯ ಗಡಿ.

ಬಿಸಿಗೆ ಬರೋಣ. ಇಂಟೆಲಿನ ಹೆಚ್ಚಿನ ಚಿಪ್ಪುಗಳಿಗೆ ಮೇಲ್ಮಿತಿ 100 ಡಿಗ್ರಿ. ಒಳಗಿನ ಸಂವೇದಕ ಅಳೆಯುವುದೂ ಆ ಗಡಿಗೆ ಇನ್ನೆಷ್ಟು ಡಿಗ್ರಿ ಉಳಿದಿದೆ ಎಂಬುದನ್ನು. ನಾವು ನೋಡುವ ಅಂಕಿ 100ರಿಂದ ಕಳೆದು ಬಂದದ್ದು. ರೈಜನ್ 5 5600ಎಕ್ಸ್‌ಗೆ ಗಡಿ 95, 5800ಎಕ್ಸ್‌ಗೆ 90. ಗಡಿ ಮುಟ್ಟಿದ ಕೂಡಲೇ ಚಿಪ್ ವೇಗವನ್ನೂ ವೋಲ್ಟೇಜನ್ನೂ ಇಳಿಸಿ ಅದೇ ಬಿಸಿಯಲ್ಲಿ ನಿಲ್ಲುತ್ತದೆ. ಸುಟ್ಟುಹೋಗುವುದಿಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ಇನ್ನೂ ಹತ್ತಾರು ಡಿಗ್ರಿ ಮೇಲೆ ತಟ್ಟನೆ ಕರೆಂಟು ಕಡಿದು ಆಫ್ ಆಗುವ ಏರ್ಪಾಡು ಬೇರೆಯೇ ಇದೆ. 2022ರ ರೈಜನ್ 7000 ಸಾಲಿನ ದೊಡ್ಡ ಚಿಪ್ಪುಗಳು ಭಾರೀ ಕೆಲಸದಲ್ಲಿ 95 ಡಿಗ್ರಿಯಲ್ಲೇ ನಿಂತು ದುಡಿಯುವಂತೆ ರೂಪಿಸಿದಂಥವು. ಅಲ್ಲಿ 95 ಕಂಡು ಹೆದರುವುದು ಬೇಡ. ಹಳೇ ಆಫೀಸ್ ಕಂಪ್ಯೂಟರ್ ಬ್ರೌಸರ್ ತೆರೆದದ್ದಕ್ಕೇ 95 ತೋರಿಸಿದರೆ ಹೆದರಿ.

ಆದರೆ ಬಿಸಿಯ ಪಾಲು ಗಡಿ ಮುಟ್ಟಿದ ಮೇಲೆ ಶುರುವಾಗುವುದಲ್ಲ. ಅದಕ್ಕೆ ಬಹಳ ಮೊದಲೇ ಎರಡು ದಾರಿಯಲ್ಲಿ ಅದು ಕೈ ಹಾಕುತ್ತದೆ.

ಒಂದು, ಸೋರಿಕೆ. ಆಫ್ ಆಗಿರುವ ಟ್ರಾನ್ಸಿಸ್ಟರಿನಲ್ಲೂ ಸ್ವಲ್ಪ ಕರೆಂಟು ಸೋರುತ್ತಲೇ ಇರುತ್ತದೆ, ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಅದೇ ಕೆಲಸ, ಅದೇ ವೇಗ, ಅದೇ ವೋಲ್ಟೇಜ್ ಇದ್ದರೂ 50 ಡಿಗ್ರಿಯ ಚಿಪ್ಪಿಗಿಂತ 90 ಡಿಗ್ರಿಯ ಚಿಪ್ ಹೆಚ್ಚು ವ್ಯಾಟ್ ತಿನ್ನುತ್ತದೆ. ಈಗ ಪಿಎಲ್1 65ರಲ್ಲಿ ಕಟ್ಟಿ ಹಾಕಿದೆ ಎಂದುಕೊಳ್ಳಿ. ಸೋರಿಕೆಗೆ ಹೋದ ವ್ಯಾಟ್ ಕೆಲಸದ ಲೆಕ್ಕದಿಂದ ಕಡಿಮೆಯಾಯಿತು. ಬಿಸಿಯ ಗಡಿ ಇನ್ನೂ ದೂರ ಇದೆ, ಮೀಟರಿನಲ್ಲಿ ‘ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸುವುದು): ಇಲ್ಲ’ ಎಂದೇ ಇದೆ, ಆದರೂ ಒಂದೆರಡು ಮೆಟ್ಟಿಲು ವೇಗ ಇಳಿದಿದೆ. ಸೆಕೆ ಹೀಗೆ ವ್ಯಾಟಿನ ವೇಷ ಹಾಕಿಕೊಂಡೂ ಬರುತ್ತದೆ.

ಎರಡು, ತಣ್ಣಗಿದ್ದರೆ ಮಾತ್ರ ಸಿಗುವ ಮೆಟ್ಟಿಲುಗಳು. ಕೋರ್ ಐ9-10900ಕೆ ಪೆಟ್ಟಿಗೆಯ ಮೇಲಿನ 5.3 ಗಿಗಾಹರ್ಟ್ಸ್ ಥರ್ಮಲ್ ವೆಲಾಸಿಟಿ ಬೂಸ್ಟ್ ಎಂಬುದರ ಫಲ. ಚಿಪ್ 70 ಡಿಗ್ರಿಯ ಒಳಗಿದ್ದರೆ ಮಾತ್ರ ಕೊನೆಯ 100 ಮೆಗಾಹರ್ಟ್ಸ್ ಸಿಗುತ್ತದೆ. 71 ಆಯಿತೋ, 5.2. ಗಡಿ 100 ಇದ್ದೂ 70ರಲ್ಲೇ ಕತ್ತರಿ ಬಿತ್ತು. ರೈಜನ್‌ಗಳಲ್ಲಿ ಇಷ್ಟು ನೇರ ಗೆರೆ ಇಲ್ಲ, ಬಿಸಿ ಏರುತ್ತಾ ಹೋದಂತೆ 25 ಮೆಗಾಹರ್ಟ್ಸ್‌ನ ಮೆಟ್ಟಿಲುಗಳು ಒಂದೊಂದಾಗಿ ಜಾರುತ್ತವೆ.

ಈಗ ನಮ್ಮ ಕೋಣೆಯ ಲೆಕ್ಕ. ಕೂಲರ್ ಯಾವುದೇ ಇರಲಿ, ಅದು ಕೋಣೆಯ ಗಾಳಿಗಿಂತ ಕೆಳಗೆ ತಣಿಸಲಾರದು. ಒಂದೊಂದು ವ್ಯಾಟಿಗೆ ಚಿಪ್ ಕೋಣೆಗಿಂತ ಎಷ್ಟು ಡಿಗ್ರಿ ಮೇಲೇರುತ್ತದೆ ಎಂಬುದು ಕೂಲರಿನ ಯೋಗ್ಯತೆ. 25 ಡಿಗ್ರಿಯ ಕೋಣೆಯಲ್ಲಿ 65 ವ್ಯಾಟ್ ಎಳೆಯುವಾಗ ಚಿಪ್ 80ರಲ್ಲಿ ನಿಂತರೆ, 55 ಡಿಗ್ರಿಯನ್ನು 65ರಿಂದ ಭಾಗಿಸಿ: ವ್ಯಾಟಿಗೆ 0.85 ಡಿಗ್ರಿ. ಅದೇ ಯಂತ್ರವನ್ನು ಮಧ್ಯಾಹ್ನ ಎರಡು ಗಂಟೆಗೆ ತಾರಸಿ ಮನೆಯ ಮಾಳಿಗೆ ಕೋಣೆಗೆ ತನ್ನಿ, ಅಲ್ಲಿ 35. ಚಿಪ್ 90ಕ್ಕೆ ಬಂತು, ಸೋರಿಕೆಯ ಪಾಲು ಸೇರಿದರೆ ಇನ್ನೂ ಒಂದೆರಡು ಡಿಗ್ರಿ. 100ರ ಗಡಿ ಇನ್ನೂ ಮುಟ್ಟಿಲ್ಲ.

ಎರಡು ವರ್ಷ ಕಳೆದು ಪೇಸ್ಟ್ ಒಣಗಿತು, ಕೂಲರಿನ ಲೋಹದ ರೆಕ್ಕೆಗಳಲ್ಲಿ ಧೂಳು ಕೂತಿತು, 0.85 ಇದ್ದದ್ದು 1.1 ಆಯಿತು ಅನ್ನೋಣ. ಡಿಸೆಂಬರಿನ 25 ಡಿಗ್ರಿಯ ರಾತ್ರಿಯಲ್ಲಿ 100 ಮುಟ್ಟಲು 75 ಡಿಗ್ರಿ ಅವಕಾಶವಿದೆ, 75ನ್ನು 1.1ರಿಂದ ಭಾಗಿಸಿದರೆ 68 ವ್ಯಾಟ್. 65 ಬೇಕಾಗಿತ್ತು, ಸಿಕ್ಕಿತು, ಯಾರಿಗೂ ಏನೂ ಗೊತ್ತಾಗಲಿಲ್ಲ. ಪಗ್ಗು ತಿಂಗಳ ಮಧ್ಯಾಹ್ನ ಅವಕಾಶ 65 ಡಿಗ್ರಿ, ಸಿಗುವುದು 59 ವ್ಯಾಟ್. ಈಗ ಚಿಪ್ 100ಕ್ಕೆ ಅಂಟಿಕೊಂಡಿತು, ಫ್ಯಾನ್ ಕೂಗತೊಡಗಿತು, ದೂರು ಬಂತು. ರೋಗ ಶುರುವಾದದ್ದು ಸೆಕೆಯಲ್ಲಲ್ಲ, ಬೆಳಕಿಗೆ ಬಂದದ್ದು ಸೆಕೆಯಲ್ಲಿ.

65ರ ಬದಲು 59 ವ್ಯಾಟ್ ಸಿಕ್ಕಿದರೆ ವೇಗ ಎಷ್ಟು ಹೋಯಿತು? ಹತ್ತಿರ ಹತ್ತಿರ ನೂರಕ್ಕೆ ಮೂರು. ಚಿಪ್ ತಿನ್ನುವ ವ್ಯಾಟ್ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ, ವೇಗ ಏರಿಸಬೇಕಾದರೆ ವೋಲ್ಟೇಜೂ ಏರಬೇಕು. ಹಾಗಾಗಿ ಮೇಲಿನ ಮೆಟ್ಟಿಲುಗಳಲ್ಲಿ ವ್ಯಾಟ್ ಹೆಚ್ಚುಕಡಿಮೆ ವೇಗದ ಘನದಂತೆ ಬೆಳೆಯುತ್ತದೆ. ಇದು ಒರಟು ಲೆಕ್ಕ, ಆದರೆ ದಿಕ್ಕು ಸರಿ. ಇದನ್ನೇ ತಿರುಗಿಸಿ ಓದಿ: ವ್ಯಾಟನ್ನು ನೂರಕ್ಕೆ ಇಪ್ಪತ್ತು ಕಡಿತ ಮಾಡಿದರೆ ವೇಗ ಹೋಗುವುದು ಏಳರಷ್ಟು ಮಾತ್ರ. ಕೊನೆಯ ಮೆಟ್ಟಿಲುಗಳು ಬಹಳ ದುಬಾರಿ. ಇದು ಆಮೇಲೆ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಅರ್ಥವೂ ಇದೆ: ಯಂತ್ರ ಅರ್ಧಕ್ಕರ್ಧ ನಿಧಾನವಾಗಿದೆ ಎಂದರೆ ಕೋಣೆಯ ಹತ್ತು ಡಿಗ್ರಿ ಒಂದೇ ಕಾರಣ ಆಗಿರಲಾರದು, ಬೇರೆ ಹುಡುಕಿ.

ಹುಡುಕುವುದು ಹೇಗೆ? ಒಂದು ಕಾಗದ, ಒಂದು ಪೆನ್ನು, ಗೋಡೆಗೆ ನೇತು ಹಾಕುವ ಒಂದು ಥರ್ಮಾಮೀಟರ್. ಥರ್ಮಾಮೀಟರನ್ನು ಕೋಣೆಯ ಮಧ್ಯದಲ್ಲಿ ಇಡಬೇಡಿ, ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಇಡಿ. ಕಂಪ್ಯೂಟರ್ ಮೇಜಿನಲ್ಲಿ ಕ್ಯಾಬಿನೆಟ್ ಇಡಲು ಮರದ ಗೂಡು ಮಾಡಿರುತ್ತಾರಲ್ಲ, ಅದರೊಳಗೆ ಇಟ್ಟು ಅರ್ಧ ಗಂಟೆ ಕಳೆದು ನೋಡಿ. ಹಿಂದಿನಿಂದ ಹೊರಬಂದ ಬಿಸಿ ಗಾಳಿಯೇ ಸುತ್ತಿಕೊಂಡು ಮುಂದಿನಿಂದ ಒಳಹೋಗುತ್ತಿರುತ್ತದೆ. ಅನೇಕರ ಮನೆಯಲ್ಲಿ ಗೂಡಿನಿಂದ ಹೊರತೆಗೆದು ನೆಲದಿಂದ ಒಂದು ಗೇಣು ಎತ್ತರದ ಸ್ಟೂಲಿನ ಮೇಲೆ ಇಟ್ಟದ್ದೇ ಮದ್ದು.

ವಿಂಡೋಸ್ ಇದ್ದರೆ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಸೆನ್ಸರ್ ಕಿಟಕಿ ಮಾತ್ರ ತೆರೆಯಿರಿ. ಅಲ್ಲಿ ನಾಲ್ಕು ಸಾಲು ಬೇಕು: ಕೋರ್‌ಗಳ ವೇಗ, ಪ್ಯಾಕೇಜ್ ವ್ಯಾಟ್ (ಇಡೀ ಚಿಪ್ ಎಳೆಯುವ ವ್ಯಾಟ್), ಅತಿ ಬಿಸಿ ಕೋರಿನ ಡಿಗ್ರಿ, ಮತ್ತು ಪರ್ಫಾರ್ಮೆನ್ಸ್ ಲಿಮಿಟ್ ಎಂಬ ಗುಂಪಿನಲ್ಲಿ ‘ಯೆಸ್’ ಎಂದು ಬರುವ ಹೆಸರುಗಳು. ಶಾಲೆಗಳಲ್ಲಿ ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ ಕೈಟ್‌ನವರ ಗ್ನೂ/ಲಿನಕ್ಸ್ ಇರುತ್ತದೆ, ಅಲ್ಲಿ ಟರ್ಬೋಸ್ಟ್ಯಾಟ್ ಎಂಬ ಆಜ್ಞೆಗೆ ಸುಡೋ (ಅಡ್ಮಿನ್ ಅಧಿಕಾರ) ಸೇರಿಸಿ ಓಡಿಸಿದರೆ ವೇಗ, ಬಿಸಿ, ವ್ಯಾಟ್ ಮೂರೂ ಸಾಲಾಗಿ ಬರುತ್ತವೆ. ಭಾರ ಕೊಡಲು ವಿಂಡೋಸಿನಲ್ಲಿ ಸಿನಿಬೆಂಚ್ ಆರ್23, ಅದು ತಾನಾಗಿಯೇ 10 ನಿಮಿಷ ಓಡುತ್ತದೆ. ಲಿನಕ್ಸಿನಲ್ಲಿ ಸ್ಟ್ರೆಸ್ ಎನ್‌ಜಿ. ಮೊದಲು 10 ನಿಮಿಷ ಯಂತ್ರವನ್ನು ಸುಮ್ಮನೆ ಬಿಡಿ, ಕೆರೆ ತುಂಬಲಿ. ಆಮೇಲೆ ಭಾರ ಹಾಕಿ 5 ಸೆಕೆಂಡು, 30 ಸೆಕೆಂಡು, 1 ನಿಮಿಷ, 5 ನಿಮಿಷ, 10 ನಿಮಿಷಕ್ಕೆ ಆ ಅಂಕಿಗಳನ್ನು ಬರೆದುಕೊಳ್ಳಿ. ಐದು ಸಾಲು ಸಾಕು, ಕಾಯಿಲೆ ಅದರಲ್ಲೇ ಓದಿ ಬರುತ್ತದೆ.

ಭಾರ ಬಿದ್ದ ಎರಡೇ ಸೆಕೆಂಡಿನಲ್ಲಿ 100 ಡಿಗ್ರಿ, ವ್ಯಾಟ್ ನೋಡಿದರೆ 40 ಕೂಡ ಇಲ್ಲ. ಲೋಹದ ಕೂಲರ್ ಬಿಸಿಯಾಗಲು ಅಷ್ಟು ಬೇಗ ಸಾಧ್ಯವೇ ಇಲ್ಲ. ಅಂದರೆ ಶಾಖ ಚಿಪ್ಪಿನಿಂದ ಕೂಲರಿಗೆ ದಾಟುತ್ತಿಲ್ಲ. ಪೇಸ್ಟ್ ಒಣಗಿದೆ, ಅಥವಾ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಡಬ್ಬಿಯ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿವೆ. ನಾಲ್ಕರಲ್ಲಿ ಒಂದು ಎದ್ದಿದ್ದರೆ ಇದೇ ಲಕ್ಷಣ. ಹೊಸ ಯಂತ್ರದಲ್ಲೇ ಹೀಗಾದರೆ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂರಿಸಿದ್ದಾರೋ ನೋಡಿ. ನಗಬೇಡಿ, ಆಗುತ್ತದೆ.

ಮೊದಲ ನಿಮಿಷ 75, ಐದನೇ ನಿಮಿಷ 90, ಎಂಟನೇ ನಿಮಿಷ 100. ಈ ನಿಧಾನದ ಏರಿಕೆ ಕೂಲರಿನಿಂದ ಗಾಳಿಗೆ ಶಾಖ ಹೋಗದಿರುವ ಲಕ್ಷಣ: ರೆಕ್ಕೆಗಳಲ್ಲಿ ಧೂಳು, ಸೋತ ಫ್ಯಾನ್, ಮರದ ಗೂಡು.

ಬಿಸಿ 70ರಲ್ಲೇ ಇದೆ, ಆದರೆ ಇಪ್ಪತ್ತು ಮೂವತ್ತು ಸೆಕೆಂಡಿಗೆ ವ್ಯಾಟ್ ಸರಿಯಾಗಿ 65ಕ್ಕೆ ಇಳಿದು ಅಲ್ಲೇ ಗೆರೆ ಎಳೆದಂತೆ ನಿಂತಿತು. ಇದು ಪಿಎಲ್1. ರೋಗವಲ್ಲ, ಸ್ವಭಾವ.

ಬಿಸಿ 50, ವೇಗ 0.8 ಅಥವಾ 0.4 ಗಿಗಾಹರ್ಟ್ಸ್‌ನಲ್ಲಿ ಸತ್ತು ಬಿದ್ದಿದೆ, ಮೌಸ್ ಕೂಡ ಎಳೆದಾಡುತ್ತಿದೆ. ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯ, ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವುದೂ ಇದರಲ್ಲೇ. ಪ್ರೊಸೆಸರಿಗೆ ‘ಪ್ರಾಕ್‌ಹಾಟ್’ ಎಂಬ ಒಂದು ತಂತಿ ಇದೆ, ‘ನನಗೆ ಬಿಸಿ ಆಯಿತು’ ಎಂದು ಹೊರಗೆ ಹೇಳಲು. ಅದೇ ತಂತಿಯಲ್ಲಿ ಹೊರಗಿನವರೂ ‘ನಿಧಾನಿಸು’ ಎಂದು ಚಿಪ್ಪಿಗೆ ಹೇಳಬಹುದು. ಬೋರ್ಡಿನ ವೋಲ್ಟೇಜ್ ಭಾಗ ಬಿಸಿಯಾದರೆ ಹೇಳುತ್ತದೆ. ಚಾರ್ಜರಿನ ಗುರುತು ಲ್ಯಾಪ್‌ಟಾಪಿಗೆ ಸಿಗದಿದ್ದರೂ ಹೇಳುತ್ತದೆ: ಲೋಕಲ್ ಚಾರ್ಜರ್, ಅಥವಾ ಅಸಲಿ ಚಾರ್ಜರೇ ಆದರೂ ನಡುವಿನ ಸಣ್ಣ ಪಿನ್ನು ಮುರಿದದ್ದು. ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ವೇಗ ಮರಳಿದರೆ ಪೇಸ್ಟಿಗೂ ಇದಕ್ಕೂ ಸಂಬಂಧವಿಲ್ಲ, ಚಾರ್ಜರ್ ಬದಲಿಸಿ. ಆ ಸೂಚನೆಯನ್ನೇ ಕಡೆಗಣಿಸುವ ತಂತ್ರಾಂಶಗಳು ಸಿಗುತ್ತವೆ. ರೋಗ ಪತ್ತೆಗೆ ಎರಡು ನಿಮಿಷ ಬಳಸಬಹುದು, ಹಾಗೇ ಬಿಟ್ಟರೆ ನಿಜವಾಗಿ ಬಿಸಿಯಾದ ದಿನ ಕೂಗಿದ್ದು ಯಾರಿಗೂ ಕೇಳುವುದಿಲ್ಲ.

ಲ್ಯಾಪ್‌ಟಾಪಿನ ಇನ್ನೊಂದು ಗಡಿ ಚಿಪ್ಪಿನದ್ದಲ್ಲ, ನಿಮ್ಮ ತೊಡೆಯದ್ದು. ಹೊರಕವಚ ಮೈ ಸುಡಬಾರದಲ್ಲ. ಅದಕ್ಕೆ ತಯಾರಕರು ಕವಚದ ಬಿಸಿಯನ್ನು ಅಂದಾಜು ಮಾಡಿ ವ್ಯಾಟ್ ಇಳಿಸುತ್ತಾರೆ. ಕೋರ್ ಐ5-8250ಯು ಇರುವ ಲ್ಯಾಪ್‌ಟಾಪ್ ನಿಮ್ಮಲ್ಲಿ ಹಲವರ ಹತ್ತಿರ ಇದ್ದೀತು: 15 ವ್ಯಾಟಿನ ಚಿಪ್, ಬೇಸ್ 1.6, ಟರ್ಬೋ 3.4. ಮೊದಲ ಕೆಲವು ಸೆಕೆಂಡು 15ರ ಎರಡು ಪಟ್ಟು ವ್ಯಾಟ್ ಎಳೆದು ಚುರುಕಾಗಿ ಓಡುತ್ತದೆ, ಕೊನೆಗೆ 15ಕ್ಕೆ ಬಂದು ಕೂರುತ್ತದೆ. ಹಾಸಿಗೆಯ ಮೇಲಿಟ್ಟರೆ ಅದಕ್ಕೂ ಕೆಳಗೆ. ಹಿಂದಿನ ಅಂಚನ್ನು ಎರಡು ಸೆಂಟಿಮೀಟರ್ ಎತ್ತಿದರೆ ತಳದ ಬಾಯಿಗೆ ಗಾಳಿ ಸಿಗುತ್ತದೆ. ಅಡಿಕೆ ಇಟ್ಟರೆ ಉರುಳುತ್ತದೆ, ಬಾಟಲಿಯ ಮುಚ್ಚಳ ಇಡಿ.

ಶುಚಿ ಮಾಡುವುದರಲ್ಲಿ ಆಗುವ ಹಾನಿ ಧೂಳಿನಿಂದ ಆಗುವುದಕ್ಕಿಂತ ಹೆಚ್ಚಾಗುವುದುಂಟು, ಅದನ್ನು ನಿಧಾನವಾಗಿ ಹೇಳುತ್ತೇನೆ. ನಮ್ಮ ಕರಾವಳಿಯ ಧೂಳು ಒಣ ಧೂಳಲ್ಲ. ಗಾಳಿಯ ಪಸೆ, ಅಡುಗೆಮನೆಯ ಎಣ್ಣೆ ಹೊಗೆ, ಊದುಬತ್ತಿಯ ಮಸಿ ಸೇರಿ ರೆಕ್ಕೆಗಳ ಮೇಲೆ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಕದಲುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಈ ಕಂಬಳಿ ಇರುತ್ತದೆ, ಫ್ಯಾನ್ ಬಿಚ್ಚಿದರೆ ಮಾತ್ರ ಚಿಮಟದಲ್ಲಿ ಹಿಡಿದು ಇಡಿಯಾಗಿ ಎತ್ತಬಹುದು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಮಕ್ಕಳಾಟದಂತೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಕ್ಯಾಬಿನೆಟ್ ತೆರೆಯುವ ಮೊದಲು ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ. ಒಳಗೆ ಹಲ್ಲಿಯ ಮೊಟ್ಟೆ ಸಿಕ್ಕರೆ ಅಚ್ಚರಿ ಬೇಡ. ಬಿಸಿಯೂ ಕತ್ತಲೂ ಇರುವ ಜಾಗ ಅದಕ್ಕೂ ಇಷ್ಟ.

ಕೂಲರ್ ಎತ್ತುವ ಮೊದಲು ಯಂತ್ರವನ್ನು ಐದು ನಿಮಿಷ ಭಾರದಲ್ಲಿ ಓಡಿಸಿ ಬೆಚ್ಚಗೆ ಮಾಡಿ, ಆಮೇಲೆ ಆಫ್ ಮಾಡಿ ಬಿಚ್ಚಿ. ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಎಎಂಡಿಯ ಎಎಂ4 ಆದರೆ ಇದು ಕಡ್ಡಾಯ. ಅಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ, ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ನೇರ ಮೇಲೆಳೆದರೆ ಕೂಲರಿನ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ನು ಬಾಗುತ್ತದೆ. ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಚಿ, ಹಿಡಿತ ಬಿಟ್ಟ ಮೇಲೆ ಎತ್ತಿ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಡೆಸ್ಕ್‌ಟಾಪಿನ ಮುಚ್ಚಳವಿರುವ ಚಿಪ್ಪಿಗೆ ನಡುವಿನಲ್ಲಿ ಒಂದು ಕಡಲೆ ಬೇಳೆಯಷ್ಟು ಸಾಕು, ಒತ್ತಡಕ್ಕೆ ತಾನೇ ಹರಡುತ್ತದೆ. ಲ್ಯಾಪ್‌ಟಾಪಿನ ಬರಿಯ ಚಿಪ್ಪಿಗೆ ತೆಳುವಾಗಿ ಪೂರ್ತಿ ಹರಡಿ, ಮೂಲೆ ಬಿಟ್ಟರೆ ಆ ಮೂಲೆಯ ಕೋರ್ ಮಾತ್ರ ಕಾಯುತ್ತದೆ. ಪೇಸ್ಟ್ ಹೆಚ್ಚಾದರೆ ತಂಪು ಹೆಚ್ಚಾಗುವುದಿಲ್ಲ. ಅದು ತಾಮ್ರಕ್ಕಿಂತ ಹತ್ತಾರು ಪಟ್ಟು ಕೆಟ್ಟ ವಾಹಕ. ಅದರ ಕೆಲಸ ಲೋಹಗಳ ನಡುವಿನ ಗಾಳಿಯನ್ನು ಓಡಿಸುವುದಷ್ಟೇ, ಗಾಳಿ ಅದಕ್ಕಿಂತ ನೂರು ಪಟ್ಟು ಮೇಲೆ ಕೆಟ್ಟದ್ದು. ಹೊಸ ಕೂಲರಿನ ತಳದಲ್ಲಿ ಬೂದು ಪೇಸ್ಟ್ ಮೊದಲೇ ಇದ್ದರೆ ಮತ್ತೆ ಹಾಕಬೇಡಿ. ಲ್ಯಾಪ್‌ಟಾಪ್ ಹೀಟ್‌ಸಿಂಕಿನ ಪಕ್ಕದಲ್ಲಿ 1, 2, 3, 4 ಎಂದು ಸಂಖ್ಯೆ ಅಚ್ಚಾಗಿರುತ್ತದೆ, ಅದೇ ಕ್ರಮದಲ್ಲಿ ಅರ್ಧ ಅರ್ಧ ಸುತ್ತು ಬಿಗಿ ಮಾಡಿ. ಪಿನ್ನಿನ ಕೂಲರಾದರೆ ಎದುರುಬದುರು ಮೂಲೆ ಜೋಡಿಯಾಗಿ ಒತ್ತಿ, ನಾಲ್ಕು ಸಲ ಟಕ್ ಕೇಳಬೇಕು. ಸಂಶಯವಿದ್ದರೆ ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನಾಲ್ಕೂ ಪಿನ್ನು ಪೂರ್ತಿ ದಾಟಿವೆಯೇ ನೋಡಿ.

ಮೆಮೊರಿ ಚಿಪ್ಪು, ವೋಲ್ಟೇಜ್ ಭಾಗದ ಮೇಲೆ ಬಟ್ಟೆಯ ತುಂಡಿನಂಥ ಮೆತ್ತನೆಯ ಪ್ಯಾಡ್ ಇರುತ್ತದೆ. ಹರಿದರೆ ಅದರ ದಪ್ಪ ಅಳೆದು ಅಷ್ಟೇ ದಪ್ಪದ್ದು ತನ್ನಿ. 1 ಮಿಲಿಮೀಟರ್ ಇದ್ದಲ್ಲಿ 1.5 ಹಾಕಿದರೆ ಹೀಟ್‌ಸಿಂಕ್ ಎದ್ದು ಪ್ರೊಸೆಸರ್ ಮುಟ್ಟುವುದಿಲ್ಲ. ‘ಸರ್ವಿಸ್ ಮಾಡಿಸಿದ ಮೇಲೆ ಮತ್ತೂ ಬಿಸಿ’ ಎಂಬ ದೂರು ಬಂದಾಗ ಈ ಅರ್ಧ ಮಿಲಿಮೀಟರನ್ನು ಮರೆಯಬೇಡಿ.

ಕೂಲರ್ ಎಷ್ಟು ದೊಡ್ಡದಾದರೂ ಒಂದು ಹಂತದ ಮೇಲೆ ಫಲವಿಲ್ಲ ಎಂಬುದನ್ನೂ ಹೇಳಬೇಕು. ರೈಜನ್ 5800ಎಕ್ಸ್‌ನ ಎಂಟೂ ಕೋರ್ ಇರುವ ಸಿಲಿಕಾನ್ ತುಂಡು ಸುಮಾರು 80 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಆ ಉಗುರಿನಗಲದಿಂದ ನೂರು ವ್ಯಾಟಿಗೂ ಹೆಚ್ಚು ಹೊರಬರಬೇಕು. ಇಂಥ ಕಡೆ ಜಾಣತನ ಇರುವುದು ಕೂಲರ್ ಬದಲಿಸುವುದರಲ್ಲಲ್ಲ, ವ್ಯಾಟ್ ಇಳಿಸುವುದರಲ್ಲಿ. ಈ ಚಿಪ್ ಸಾಕೆಟಿನಿಂದ ಎಳೆಯಬಹುದಾದ ಗಡಿ 142 ವ್ಯಾಟ್. ಬಯೋಸಿನಲ್ಲಿ ‘65 ವ್ಯಾಟ್’ ಎಂಬ ಹೆಸರಿನ ಇಕೋ ಮೋಡ್ ಆರಿಸಿದರೆ ಅದು 88ಕ್ಕೆ ಇಳಿಯುತ್ತದೆ. ಆಗಲೇ ಹೇಳಿದ ಘನದ ಲೆಕ್ಕ ನೆನಪಿಸಿಕೊಳ್ಳಿ: ವ್ಯಾಟ್ ಇಷ್ಟು ಇಳಿದರೂ ವೇಗ ಅಷ್ಟು ಇಳಿಯುವುದಿಲ್ಲ. ಇಂಟೆಲ್ ಬೋರ್ಡಿನಲ್ಲಿ 4095 ಇದ್ದರೆ ಅಲ್ಲಿಗೆ ನಿಮ್ಮ ಕೂಲರ್ ಪಗ್ಗು ತಿಂಗಳಲ್ಲಿ ತಡೆಯುವಷ್ಟು ಅಂಕಿ ಬರೆಯಿರಿ. ನಮ್ಮ ಲೆಕ್ಕದ ಹಳೆ ಕೂಲರಿಗೆ 55. ಚಿಪ್ 100ಕ್ಕೆ ಅಂಟಿ ಏರಿಳಿಯುವುದು ನಿಲ್ಲುತ್ತದೆ, ಫ್ಯಾನಿನ ಕೂಗು ಇಳಿಯುತ್ತದೆ, ಹೋದ ವೇಗ ಕೈಗಡಿಯಾರ ಹಿಡಿದರೆ ಮಾತ್ರ ಗೊತ್ತಾದೀತು.

ವೋಲ್ಟೇಜ್ ಇಳಿಸುವುದು ಇನ್ನೂ ಲಾಭದ್ದು, ಅದೇ ವೇಗಕ್ಕೆ ಕಡಿಮೆ ವ್ಯಾಟ್. ರೈಜನ್ 5000ದಿಂದ ಈಚೆಗೆ ಬಯೋಸಿನ ವೋಲ್ಟೇಜ್ ಇಳಿಸುವ ಆಯ್ಕೆ ಕರ್ವ್ ಆಪ್ಟಿಮೈಜರ್‌ನಲ್ಲಿ ಮೈನಸ್ 10ರಿಂದ ತೊಡಗಿ. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ಹಲವು ತಯಾರಕರು ಈ ಬಾಗಿಲು ಮುಚ್ಚಿದರು. ಅತಿಯಾಗಿ ಇಳಿಸಿದರೆ ಭಾರದಲ್ಲಿ ಮಾತ್ರವಲ್ಲ, ಸುಮ್ಮನೆ ಕೂತಿದ್ದಾಗಲೂ ಯಂತ್ರ ರೀಸ್ಟಾರ್ಟ್ ಆಗಬಹುದು. ಅದನ್ನು ಮತ್ತೆ ವೈರಸ್ ಅನ್ನಬೇಡಿ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು.

ಅಕ್ಷಯ ಕೇಂದ್ರದವರೊಬ್ಬರು ಕೇಳಿದರು: ‘ಪವರ್ ಆಪ್ಷನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡಿದರೆ ಬಿಸಿ ಇಳಿಯುತ್ತದೆ ಎನ್ನುತ್ತಾರೆ. ಮಾಡಬಹುದಾ?’ ಇಳಿಯುವುದು ಹೌದು, ಏಕೆಂದರೆ 99 ಮಾಡಿದರೆ ಟರ್ಬೋ ಪೂರ್ತಿ ಬಂದ್. ಆದರೆ ನಿಮ್ಮ ಕೆಲಸ ಏನು? ಅರ್ಜಿ ತೆರೆಯುವುದು, ಸ್ಕ್ಯಾನ್ ಹಾಕುವುದು, ಪ್ರಿಂಟ್ ಕೊಡುವುದು. ಒಂದೊಂದೂ ಎರಡು ಮೂರು ಸೆಕೆಂಡಿನ ಜಿಗಿತ, ಟರ್ಬೋ ಇರುವುದೇ ಅದಕ್ಕೆ. ಅಷ್ಟರಲ್ಲಿ ಕೂಲರ್ ಬಿಸಿಯಾಗುವುದೂ ಇಲ್ಲ. 8250ಯು ಇದ್ದವರು 99 ಮಾಡಿದರೆ 1.6ರಲ್ಲಿ ತೆವಳುತ್ತೀರಿ. ಬೇಡ.

‘ಯಕ್ಷಗಾನದ ಇಡೀ ರಾತ್ರಿಯ ರೆಕಾರ್ಡಿಂಗ್ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಗಂಟೆಗಟ್ಟಲೆ ಓಡುತ್ತದೆ. ನಮಗೆ?’ ನಿಮಗೆ ಟರ್ಬೋದ ಮೊದಲ ಅರ್ಧ ನಿಮಿಷದಿಂದ ಏನೂ ಸಿಗುವುದಿಲ್ಲ, ಕೆರೆ ಖಾಲಿಯಾದ ಮೇಲಿನ ಧಾರೆಯೇ ನಿಮ್ಮ ಆದಾಯ. ಯಂತ್ರ ಕೊಳ್ಳುವಾಗ 10 ನಿಮಿಷದ ನಂತರದ ವೇಗ ಕೇಳಿ. ಎಕ್ಸ್‌ಪೋರ್ಟನ್ನು ರಾತ್ರಿ ಊಟದ ಮೇಲೆ ಹಾಕಿ, ಕೋಣೆ ಆರೇಳು ಡಿಗ್ರಿ ತಣ್ಣಗಿರುತ್ತದೆ, ಖರ್ಚಿಲ್ಲದ ಕೂಲರ್ ಅದು. ಹಾಗೆಯೇ ಎಡಿಟಿಂಗ್ ತಂತ್ರಾಂಶದಲ್ಲಿ ಗ್ರಾಫಿಕ್ಸಿನ ಎನ್‌ಕೋಡರ್ ಆರಿಸಿದ್ದೀರಾ ನೋಡಿಕೊಳ್ಳಿ, ಪ್ರೊಸೆಸರಿನ ಭಾರ ಬಹಳ ಇಳಿಯುತ್ತದೆ.

‘ವೋಲ್ಟೇಜ್ ಕಡಿಮೆ ಇರುವಾಗ ಕಂಪ್ಯೂಟರ್ ನಿಧಾನವಾಗುತ್ತದಾ?’ ಇಲ್ಲ. ಪವರ್ ಸಪ್ಲೈ 12 ವೋಲ್ಟನ್ನು ಕೊಡುತ್ತದೆ, ಅಥವಾ ಆಫ್ ಆಗುತ್ತದೆ, ನಡುವಿನದ್ದಿಲ್ಲ. ಒಳಗಿನ ಫ್ಯಾನೂ ಅದೇ 12 ವೋಲ್ಟಿನಲ್ಲಿ ಓಡುತ್ತದೆ. ಆದರೆ ಮೇಲಿನ ಸೀಲಿಂಗ್ ಫ್ಯಾನ್ ನಿಧಾನವಾಗುತ್ತದೆ, ನಿಮಗೂ ಕ್ಯಾಬಿನೆಟ್ಟಿಗೂ ಸೆಕೆ ಏರುತ್ತದೆ, ಆ ದಾರಿಯಲ್ಲಿ ಬೇಕಾದರೆ ಸಂಬಂಧ ಇದೆ.

ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿಯದ್ದು ಕೊನೆಯ ಪ್ರಶ್ನೆ: ‘ಲ್ಯಾಪ್‌ಟಾಪಿನ ಅಡಿಗೆ ಒದ್ದೆ ಬಟ್ಟೆ, ಇಲ್ಲದಿದ್ದರೆ ಫ್ರೀಜರಿನ ಜೆಲ್ ಪ್ಯಾಕ್ ಇಟ್ಟರೆ?’ ಒದ್ದೆ ಬಟ್ಟೆಯ ನೀರು ತಳದ ಬಾಯಿಯಿಂದ ನೇರ ಒಳಗೆ ಹೋಗುತ್ತದೆ, ಅದರ ಮಾತೇ ಬೇಡ. ಜೆಲ್ ಪ್ಯಾಕಿನದ್ದು ಕಣ್ಣಿಗೆ ಕಾಣದ ಅಪಾಯ. ಈ ತಿಂಗಳಲ್ಲಿ ನಮ್ಮ ಗಾಳಿಯಲ್ಲಿ ಎಷ್ಟು ನೀರಿದೆ ಎಂದರೆ 25 ಡಿಗ್ರಿಗಿಂತ ತಣ್ಣಗಿನ ಯಾವುದನ್ನು ಇಟ್ಟರೂ ಬೆವರುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬನ್ನು ಮೇಜಿನ ಮೇಲಿಟ್ಟು ಐದು ನಿಮಿಷ ನೋಡು. ಹೊರಗೆ ಇಳಿಯುವ ಆ ಹನಿಗಳೇ ಬೋರ್ಡಿನ ಮೇಲೂ ಇಳಿಯುತ್ತವೆ. ಮುಚ್ಚಳದ ಮೇಲೆ ಎತ್ತಿಟ್ಟು ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಹಾಕು, ಅಷ್ಟು ಸಾಕು.